ಮೋಟಾರ್ ಸೈಕಲ್ಲಿಗೆ ಮಳೆಯ ಉಡುಪು



ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಮಲೆನಾಡಿನಲ್ಲಿ ಬಿತ್ತನೆ ಬೀಜ, ಗೊಬ್ಬರ, ಮೈಲುತುತ್ತ, ಸುಣ್ಣ ಎಲ್ಲವನ್ನೂ ತಂದು ಒಳಗಿಟ್ಟುಕೊಳ್ಳುತ್ತೇವೆ. ಸೌದೆ ಒಟ್ಟುತ್ತೇವೆ, ಹೆಂಚು ಸರಿಮಾಡಿಸುತ್ತೇವೆ. ಆದರೆ ಬೆಳಗಾದರೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಡುವ ಸವಾರ ಮೈಮೇಲೆ ಏನು ಹಾಕಿಕೊಳ್ಳಬೇಕು ಎಂಬುದನ್ನು ಮಾತ್ರ ಮಳೆ ಬಂದ ಮೇಲೆ, ಪೇಟೆಯ ಅಂಗಡಿ ಮಾಡಿನ ಕೆಳಗೆ ನಿಂತುಕೊಂಡು ಯೋಚಿಸುತ್ತೇವೆ. ಆಗ ಕೈಗೆ ಸಿಕ್ಕಿದ್ದೇ ರೈನ್‌ಕೋಟು. ಇವತ್ತು ಅದರ ವಿಚಾರವನ್ನೇ ಸ್ವಲ್ಪ ಮಾತಾಡೋಣ.

ನಮ್ಮ ಹಿರಿಯರಿಗೆ ಮಳೆಯ ಉಡುಪು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ನಾಟಿ ಮಾಡುವ ಹೆಂಗಸರ ಗೊರಬನ್ನು ನೆನಪು ಮಾಡಿಕೊಳ್ಳಿ. ಬಿದಿರ ದಬ್ಬೆಯ ಹಂದರಕ್ಕೆ ಎಲೆ ಹೊದಿಸಿ ಹೆಣೆದದ್ದು. ತಲೆಯಿಂದ ಸೊಂಟದ ತನಕ, ಬೆನ್ನಿನ ಮೇಲೆ ದೋಣಿ ಕವುಚಿದ ಹಾಗೆ ಕೂತುಕೊಳ್ಳುತ್ತದೆ. ಎದೆಯ ಕಡೆಗೆ ಏನೂ ಇಲ್ಲ. ಯಾಕೆ ಇಲ್ಲ? ಬಗ್ಗಿ ಸಸಿ ನೆಡುವವಳಿಗೆ ಮಳೆ ಬೀಳುವುದು ಬೆನ್ನಿಗೆ. ಎದೆ ನೆಲ ನೋಡುತ್ತಿರುತ್ತದೆ, ಕೈ ಎರಡೂ ಬಿಡುವಾಗಿರಬೇಕು. ಉಳುವವನ ಕಂಬಳಿ ಕೊಪ್ಪೆಯೂ ಹಾಗೆಯೇ. ಅದು ನೆನೆಯುತ್ತದೆ, ನಿಜ. ಆದರೆ ಉಣ್ಣೆ ನೆನೆದರೂ ಒಂದಷ್ಟು ಬೆಚ್ಚಗೆ ಇಡುತ್ತದೆ. ಅಂದರೆ ಅವರು ಕೆಲಸ ನೋಡಿ ಉಡುಪು ಮಾಡಿದರು. ನಾವು ಕೆಲಸ ಬದಲಾಯಿಸಿಕೊಂಡೆವು, ಉಡುಪು ಬದಲಾಯಿಸಲಿಲ್ಲ. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಸಿಕ್ಕಿಸಿಕೊಂಡು ಬೈಕು ಓಡಿಸುವವರನ್ನು ನಾನು ಈಗಲೂ ಕಾಣುತ್ತೇನೆ.

ಮೋಟಾರ್ ಸೈಕಲ್ಲಿನ ಮೇಲೆ ಕೂತವನಿಗೆ ಬೀಳುವ ಮಳೆಯೇ ಬೇರೆ. ಇದಕ್ಕೊಂದು ಸಣ್ಣ ಲೆಕ್ಕ ಇದೆ, ಕೇಳಿ. ದಪ್ಪ ಮಳೆಹನಿ ಸೆಕೆಂಡಿಗೆ ಸುಮಾರು ೮ ಮೀಟರಿನ ವೇಗದಲ್ಲಿ ಕೆಳಗೆ ಬೀಳುತ್ತದೆ. ನೀವು ಗಂಟೆಗೆ ೫೦ ಕಿಲೋಮೀಟರಿನಲ್ಲಿ ಹೋಗುತ್ತಿದ್ದರೆ, ಸೆಕೆಂಡಿಗೆ ಸುಮಾರು ೧೪ ಮೀಟರು ಮುಂದೆ ನುಗ್ಗುತ್ತಿದ್ದೀರಿ. ಹಾಗಾದರೆ ನಿಮ್ಮ ಲೆಕ್ಕದಲ್ಲಿ ಮಳೆ ಮೇಲಿನಿಂದ ಒಂದು ಪಾಲು ಬಂದರೆ, ಎದುರಿನಿಂದ ಒಂದೂಮುಕ್ಕಾಲು ಪಾಲು ಬರುತ್ತದೆ. ತುಂತುರು ಮಳೆಯ ಸಣ್ಣ ಹನಿ ಬೀಳುವುದು ಇನ್ನೂ ನಿಧಾನ. ಅದಂತೂ ಹೆಚ್ಚುಕಡಿಮೆ ಪೂರ್ತಿ ಎದುರಿನಿಂದಲೇ ಬಂದು ಹೊಡೆಯುತ್ತದೆ. ಇದರ ಮೇಲೆ ಮುಂದಿನ ಚಕ್ರ ಕೆಳಗಿನಿಂದ ಎರಚುವ ಕೆಸರುನೀರು ಬೇರೆ. ಕೊಡೆ, ಗೊರಬು, ಕೊಪ್ಪೆ ಎಲ್ಲವೂ ಮೇಲಿನಿಂದ ಬೀಳುವ ಮಳೆಗೆ ಮಾಡಿದವು. ಸವಾರನಿಗೆ ಬೇಕಾದ್ದು ಎದೆಯಿಂದ ಬರುವ ಮಳೆಯ ಉಡುಪು.

ಕೊಡೆಯ ಮಾತು ಬಂತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಅತ್ತಿಗೆ ಮಗನ ಹಿಂದೆ ಒಂದೇ ಕಡೆಗೆ ಕಾಲು ಹಾಕಿ ಕೂತು, ಕೊಡೆ ಬಿಚ್ಚಿಕೊಂಡು, ಮದುವೆ ಮನೆಗೆ ಹೊರಟಿದ್ದರು. ವೇಗವೇನೂ ಇರಲಿಲ್ಲ. ಗುಡ್ಡದ ತಿರುವಿನಲ್ಲಿ ಗಾಳಿ ಎದುರಾಯಿತು, ಕೊಡೆ ಹಿಂದಕ್ಕೆ ಜಗ್ಗಿತು. ಕೈ ಬಿಡಬೇಕೆಂದು ತೋಚುವುದರೊಳಗೆ ಅವರು ರಸ್ತೆಯ ಮೇಲಿದ್ದರು. ಸೊಂಟದ ಮೂಳೆ ಮುರಿದು ನಾಲ್ಕು ತಿಂಗಳು ಹಾಸಿಗೆ ಹಿಡಿದರು. ಬಿಚ್ಚಿದ ಕೊಡೆ ಎಂದರೆ ಹಾಯಿ ನೋಡಿ, ದೋಣಿಯನ್ನೇ ಎಳೆಯುವಂಥದ್ದು. ಹಿಂದೆ ಕೂರುವವರಿಗೂ ಒಂದು ಕೋಟು ಕೊಡಿಸಿ. ಅದಾಗದಿದ್ದರೆ ಇಬ್ಬರೂ ನೆನೆಯಿರಿ. ನೆನೆದರೆ ಒಣಗಿಸಿಕೊಳ್ಳಬಹುದು.

ಇನ್ನು ಮೊಣಕಾಲಿನ ಕೆಳಗೆ ಇಳಿಬೀಳುವ ಒಂದೇ ತುಂಡಿನ ಉದ್ದ ಕೋಟು. ನಡೆಯುವವರಿಗೆ ಅದು ಒಳ್ಳೆಯದೇ. ಬೈಕಿನ ಮೇಲೆ ಕಾಲು ಅಗಲಿಸಿ ಕೂತ ಕೂಡಲೇ ಅದು ಎದುರಿಗೆ ಸೀಳಿಕೊಂಡು, ನೀರನ್ನೆಲ್ಲ ತೊಡೆಯ ಸಂದಿಗೆ ಕಾಲುವೆ ಮಾಡಿ ಹರಿಸುತ್ತದೆ. ಅದಕ್ಕಿಂತ ಕೆಟ್ಟದ್ದು ಅದರ ಬಾಲ. ಬಹಳ ವರ್ಷ ನಾನೂ ಅಂಥದ್ದನ್ನೇ ಹಾಕುತ್ತಿದ್ದೆ. ಒಂದು ಆರಿದ್ರ ಮಳೆಯ ಸಂಜೆ ಏರು ಹತ್ತುವಾಗ ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ಹಾಗಾಯಿತು. ಕೋಟಿನ ತುದಿ ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತ್ತು. ಹಳೆಯ ಬಟ್ಟೆಯಾದ್ದರಿಂದ ಹರಿದುಹೋಯಿತು, ನಾನು ಉಳಿದೆ. ಹೊಸದಾಗಿದ್ದರೆ ಹರಿಯುತ್ತಿರಲಿಲ್ಲ. ಹಿಂದಿನ ಚಕ್ರದ ಅರ್ಧಕ್ಕೆ ಮರೆ ಇರಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುವುದು ಸೀರೆ ಸೆರಗುಗಳ ಈ ಭಯದಿಂದಲೇ. ಆ ಗಾರ್ಡನ್ನು ಬಿಚ್ಚಿಸಿ ಅಟ್ಟಕ್ಕೆ ಎಸೆದವರು ಮಳೆಗಾಲಕ್ಕಾದರೂ ಮತ್ತೆ ಹಾಕಿಸಿರಿ.

ಹಾಗಾಗಿ ಬೇಕಾದ್ದು ಎರಡು ತುಂಡಿನ ಉಡುಪು: ಸೊಂಟದ ಕೆಳಗೆ ಒಂದು ಗೇಣು ಇಳಿಯುವ ಮೇಲಂಗಿ, ಮತ್ತು ಅದರ ಒಳಗೆ ಎತ್ತರಕ್ಕೆ ಏರುವ ಪ್ಯಾಂಟು. ಮೇಲಂಗಿ ಪ್ಯಾಂಟಿನ ಮೇಲೆ, ಪ್ಯಾಂಟು ಗಂಬೂಟಿನ ಮೇಲೆ, ತೋಳು ಕೈಗವಸಿನ ಮೇಲೆ ಬರಬೇಕು. ಹೆಂಚು ಹೊದಿಸಿದ ಹಾಗೆ, ಮೇಲಿನದರ ತುದಿ ಕೆಳಗಿನದರ ಮೇಲೆ. ಪ್ಯಾಂಟನ್ನು ಬೂಟಿನೊಳಗೆ ತುರುಕಿದರೆ ಡೇರಿ ಮುಟ್ಟುವಷ್ಟರಲ್ಲಿ ಬೂಟು ತುಂಬಿರುತ್ತದೆ. ಇದನ್ನು ನೀವೇ ನೋಡಿದ್ದೀರಿ.

ಈಗ ಬಟ್ಟೆಯ ವಿಚಾರ. ಬಟ್ಟೆಗೆ ರಬ್ಬರು ಹಚ್ಚಿ ನೀರು ತಡೆಯುವ ಉಪಾಯಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬ ರಸಾಯನ ಶಾಸ್ತ್ರಜ್ಞ ೧೮೨೩ರಲ್ಲಿ ಪೇಟೆಂಟ್ ಪಡೆದ. ಕಲ್ಲಿದ್ದಲ ಟಾರಿನಿಂದ ಬರುವ ನಾಫ್ತಾದಲ್ಲಿ ರಬ್ಬರನ್ನು ಕರಗಿಸಿ ಎರಡು ಬಟ್ಟೆಗಳ ನಡುವೆ ಬಳಿದು ಅಂಟಿಸಿದ. ಬಟ್ಟೆ ನೀರನ್ನು ತಡೆಯಿತು. ಆದರೆ ಕೋಟು ಸೋರಿತು! ಯಾಕೆಂದರೆ ದರ್ಜಿಗಳು ಹೊಲಿಯುವಾಗ ಸೂಜಿಯಿಂದ ಸಾವಿರ ತೂತು ಮಾಡಿದ್ದರು. ಈ ಮಾತಿಗೆ ೨೦೦ ವರ್ಷ ಆಯಿತು. ಇವತ್ತಿಗೂ ಅಗ್ಗದ ರೈನ್‌ಕೋಟು ಸೋರುವುದು ಬಹುಪಾಲು ಹೊಲಿಗೆಯಲ್ಲೇ.

ಆದ್ದರಿಂದ ಅಂಗಡಿಯಲ್ಲಿ ಬಣ್ಣ, ಹೊಳಪು ನೋಡುವ ಮೊದಲು ಕೋಟನ್ನು ಒಳಮಗ್ಗುಲಾಗಿ ತಿರುಗಿಸಿ. ಹೊಲಿಗೆಯ ಮೇಲೆ ಉದ್ದಕ್ಕೂ ಒಂದು ಬೆರಳಗಲದ ಪಟ್ಟಿ ಅಂಟಿಸಿರಬೇಕು. ಭುಜದಲ್ಲಿ, ಕಂಕುಳಲ್ಲಿ, ಪ್ಯಾಂಟಿನ ಕಾಲುಗಳು ಕೂಡುವ ಕಡೆಯಲ್ಲಿ ಅದು ತಪ್ಪದೆ ಇದೆಯೇ ಎಂದು ಬೆರಳಾಡಿಸಿ ನೋಡಿ. ನಾಲ್ಕು ಹೊಲಿಗೆ ಬಂದು ಸೇರುವ ಆ ಕೊನೆಯ ಜಾಗ ಎಲ್ಲದಕ್ಕಿಂತ ಮೊದಲು ಕೈಕೊಡುತ್ತದೆ, ಮರ್ಯಾದೆಯನ್ನೂ ಕಳೆಯುತ್ತದೆ. ಜಿಪ್ಪಿನ ಮೇಲೆ ಮುಚ್ಚುವ ಪಟ್ಟಿ ಒಂದಾದರೂ ಇರಲಿ, ಎರಡಿದ್ದರೆ ಮೇಲು. ಬರಿಯ ಜಿಪ್ಪು ಎಂದರೆ ಎದೆಯ ಮೇಲೆ ಬಾಗಿಲು ತೆರೆದಿಟ್ಟ ಹಾಗೆ.

ಕೆಲವು ಕೋಟುಗಳ ಚೀಟಿಯಲ್ಲಿ ೨೦೦೦, ೫೦೦೦, ೧೦೦೦೦ ಮಿಲಿಮೀಟರು ಎಂದು ಬರೆದಿರುತ್ತದೆ. ಅದು ಮಳೆಯ ಅಳತೆ ಅಲ್ಲ. ಹಾಗಿದ್ದರೆ ವರ್ಷಕ್ಕೆ ಸರಾಸರಿ ೭೫೦೦ ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯವರ ಗತಿ ಏನು? ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರದ ನೀರಿನ ಭಾರದ ತನಕ ಬಟ್ಟೆ ತಡೆಯುತ್ತದೆ ಎಂಬ ಅಳತೆ ಅದು. ೫೦೦೦ ಎಂದರೆ ೫ ಮೀಟರು ಎತ್ತರ. ಸುಮ್ಮನೆ ಬೀಳುವ ಮಳೆಗೆ ಕಡಿಮೆ ಇದ್ದರೂ ನಡೆದೀತು. ಆದರೆ ನೆನೆದ ಸೀಟಿನ ಮೇಲೆ ನಮ್ಮ ಮೈಭಾರವೆಲ್ಲ ಕೂತಿರುತ್ತದಲ್ಲ, ಅಲ್ಲಿ ನೀರು ಒತ್ತಡಕ್ಕೆ ಒಳಗೆ ಹಿಂಡುತ್ತದೆ. ಸವಾರಿಗೆ ೫೦೦೦ಕ್ಕಿಂತ ಕಡಿಮೆಯದನ್ನು ನಾನಂತೂ ಕೊಳ್ಳಲಾರೆ. ಚೀಟಿಯೇ ಇಲ್ಲದ ಕೋಟಾದರೆ ಮನೆಗೆ ತಂದು ಒಂದು ಪರೀಕ್ಷೆ ಮಾಡಿ: ಹೊಲಿಗೆ ಇರುವ ಭಾಗವನ್ನು ಬಕೆಟ್ಟಿನ ಬಾಯಿಗೆ ಜೋಲಿಯ ಹಾಗೆ ಕಟ್ಟಿ, ನಾಲ್ಕು ಚೊಂಬು ನೀರು ಸುರಿದು, ಹಾಲು ಕರೆದು ಬರುವಷ್ಟು ಹೊತ್ತು ಬಿಡಿ. ಕೆಳಗೆ ಒದ್ದೆಯಾಗಿದ್ದರೆ ಅಂಗಡಿಗೆ ವಾಪಸು ಹೋಗಿ ಜಗಳಾಡುವ ಧೈರ್ಯ ನಿಮಗೆ ಬರುತ್ತದೆ.

"ಅಲ್ಲ ಸ್ವಾಮಿ, ಕೋಟು ಸೋರೋದಿಲ್ಲ, ಆದ್ರೂ ಒಳಗೆ ಒದ್ದೆ" ಅಂತ ಕೆಲವರು ಕೇಳುತ್ತಾರೆ. ಅದು ಮಳೆಯ ನೀರಲ್ಲ, ನಿಮ್ಮದೇ ಬೆವರು. ನೀರು ಒಳಕ್ಕೆ ಬರಲು ದಾರಿ ಇಲ್ಲದ ಬಟ್ಟೆಯಲ್ಲಿ ಬೆವರು ಹೊರಕ್ಕೆ ಹೋಗಲೂ ದಾರಿ ಇಲ್ಲ. ಇದಕ್ಕೆ ಅಮೆರಿಕದಲ್ಲಿ ೧೯೬೯ರಲ್ಲಿ ರಾಬರ್ಟ್ ಗೋರ್ ಒಂದು ಹಾದಿ ಕಂಡರು. ದೋಸೆ ಹಿಡಿಯದ ಕಾವಲಿಗೆ ಬಳಿದಿರುತ್ತದಲ್ಲ ಟೆಫ್ಲಾನು, ಅದನ್ನೇ ಕಾಯಿಸಿ ಸರಕ್ಕನೆ ಎಳೆದರು. ಅದು ತೆಳ್ಳಗೆ ಹಿಗ್ಗಿ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಬಲೆಯಾಯಿತು. ನೀರಿನ ಹನಿ ಆ ತೂತಿಗೆ ದೊಡ್ಡದು, ಬೆವರಿನ ಆವಿ ಅದಕ್ಕೆ ಚಿಕ್ಕದು. ಗೋರ್‌ಟೆಕ್ಸ್ ಎಂಬ ಬಟ್ಟೆ ಇದೇ. ಬಹಳ ಚೆನ್ನಾದ ಉಪಾಯ. ಆದರೆ ಆವಿ ಹೊರಕ್ಕೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಆಷಾಢದಲ್ಲಿ ನಮ್ಮ ಕಡೆ ಉಪ್ಪಿನ ಮರಿಗೆಯೇ ನೀರಾಗಿರುತ್ತದೆ, ಗಾಳಿಯ ಮಾತೇಕೆ? ಚಳಿ ದೇಶದಲ್ಲಿ ಕೊಡುವಷ್ಟು ಸುಖ ಅದು ಇಲ್ಲಿ ಕೊಡಲಾರದು. ಬೆಲೆಯೋ ಒಂದು ಕರುವಿನದು. ಹಾಲಿನ ಹಾದಿಗೆ ಅಷ್ಟು ಬೇಡ. ಬೆನ್ನಿನ ಮೇಲ್ಭಾಗದಲ್ಲಿ ಮಡಿಕೆಯ ಕೆಳಗೆ ಗಾಳಿಕಿಂಡಿ ಇರುವ, ಒಳಗೆ ಜಾಳಿಗೆ ಬಟ್ಟೆ ಹಾಕಿರುವ ಸಾಧಾರಣ ನೈಲಾನ್ ಕೋಟು ಸಾಕು. ಪೂರ್ತಿ ಪ್ಲಾಸ್ಟಿಕ್ಕಿನದು ಒಂದು ಮಳೆಗಾಲಕ್ಕೆ ಸರಿ, ಎರಡನೆಯದಕ್ಕೆ ಮಡಿಕೆಯಲ್ಲಿ ಬಿರಿಯುತ್ತದೆ.

ನೆನೆಯುವುದೇನು ಹೊಸದೆ, ಗದ್ದೆಯಲ್ಲಿ ದಿನವಿಡೀ ನೆನೆಯುವುದಿಲ್ಲವೆ ಎನ್ನಬಹುದು. ಗದ್ದೆಯಲ್ಲಿ ಮೈ ದುಡಿಯುತ್ತಿರುತ್ತದೆ, ಬಿಸಿ ಇರುತ್ತದೆ. ಬೈಕಿನ ಮೇಲೆ ಮೈ ಸುಮ್ಮನೆ ಕೂತಿರುತ್ತದೆ, ಗಾಳಿ ಬೀಸುತ್ತಲೇ ಇರುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ೧ ಕ್ಯಾಲೊರಿ ಸಾಕು; ಅದೇ ಒಂದು ಗ್ರಾಂ ನೀರು ಮೈಮೇಲೆ ಆರಿ ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಶಾಖವನ್ನು ಕಸಿದುಕೊಳ್ಳುತ್ತದೆ. ಮೊದಲು ಮರಗಟ್ಟುವುದು ಬೆರಳು. ಬ್ರೇಕು ಹಿಡಿಯುವುದೂ ಅದೇ ಬೆರಳು. ಗಂಟೆಗೆ ೫೦ ಕಿಲೋಮೀಟರಿನಲ್ಲಿ ಒಂದು ಸೆಕೆಂಡು ತಡವಾದರೆ ಬೈಕು ೧೪ ಮೀಟರು ಮುಂದಿರುತ್ತದೆ, ಅದೂ ಟೈರು ಸರಿಯಾಗಿ ಕಚ್ಚದ ಒದ್ದೆ ರಸ್ತೆಯಲ್ಲಿ. ಹೀಗಾಗಿ ಕೈಗವಸು ಷೋಕಿ ಅಲ್ಲ. ಮೇಲಂಗಿಯ ಕುತ್ತಿಗೆಯಲ್ಲಿ ಒಂದು ಒಣ ಟವೆಲ್ಲು ಸುತ್ತಿಕೊಳ್ಳಿ. ಹೆಲ್ಮೆಟ್ಟಿನಿಂದ ಇಳಿಯುವ ನೀರು ಬೆನ್ನುಹುರಿಯ ಮೇಲೆ ಹರಿಯುವುದು ತಪ್ಪುತ್ತದೆ. ಕೋಟಿನ ಟೊಪ್ಪಿಯನ್ನು ಹೆಲ್ಮೆಟ್ಟಿನ ಮೇಲೆ ಹಾಕಬೇಡಿ, ಪಕ್ಕದ ನೋಟ ಮುಚ್ಚುತ್ತದೆ. ಒಳಗೆ ಮಡಚಿಡಿ.

ಬಣ್ಣ ಕೊನೆಗೆ ನೋಡಿ ಎಂದೆನಲ್ಲ, ಕೊನೆಗಾದರೂ ನೋಡಲೇಬೇಕು. ಅಂಗಡಿಗಳಲ್ಲಿ ಕಪ್ಪು ಮತ್ತು ಕಡುನೀಲಿಯೇ ಹೆಚ್ಚು, ಕೆಸರು ಕಾಣುವುದಿಲ್ಲ ಅಂತ ನಾವೂ ಅದನ್ನೇ ಆರಿಸುತ್ತೇವೆ. ಕೆಸರು ಕಾಣುವುದಿಲ್ಲ, ನಿಜ. ಕೋಟು ಹಾಕಿದವನೂ ಕಾಣುವುದಿಲ್ಲ. ಘಾಟಿಯ ಮಂಜಿನಲ್ಲಿ ವೈಪರಿನ ಹಿಂದೆ ಕೂತ ಲಾರಿ ಚಾಲಕನಿಗೆ ಹಳದಿ, ಕಿತ್ತಳೆ ಬಣ್ಣ ಬೇಗ ಕಣ್ಣಿಗೆ ಬೀಳುತ್ತದೆ. ಬೆನ್ನಿಗೆ ಬೆಳಕು ಮಿಂಚಿಸುವ ಪಟ್ಟಿ ಇದ್ದರೆ ಬೆಳಗಿನ ಜಾವದ ಹಾಲಿನವರಿಗೆ ಇನ್ನೂ ಒಳ್ಳೆಯದು.

ಕೊಳ್ಳುವಾಗ ತೊಟ್ಟು, ಅಂಗಡಿಯ ಮುಂದೆ ನಿಲ್ಲಿಸಿದ ನಿಮ್ಮದೇ ಬೈಕಿನ ಮೇಲೆ ಕೂತು, ಕೈ ಹ್ಯಾಂಡಲಿಗೆ ಚಾಚಿ. ಮುಂಗೈ ಬಯಲಾದರೆ, ಮೊಣಕಾಲು ಬಿಗಿದರೆ ಒಂದು ಅಳತೆ ದೊಡ್ಡದು ಕೇಳಿ. ಯಾರಾದರೂ ನಕ್ಕರೆ ನಗಲಿ.

ಮನೆಗೆ ಬಂದ ಮೇಲೆ ಕೋಟನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಬೇಡಿ. ಬಿಸಿಗೆ ಒಳಗಿನ ಲೇಪ ಸುಲಿಯುತ್ತದೆ, ಪಟ್ಟಿಯ ಅಂಟು ಬಿಡುತ್ತದೆ. ಒದ್ದೆಯಾಗಿಯೇ ಮಡಚಿ ಡಿಕ್ಕಿಗೆ ತುರುಕಿದರೆ ಎರಡೇ ದಿನಕ್ಕೆ ಬೂಷ್ಟು. ಜಗಲಿಯ ಗಳುವಿಗೆ ಗಾಳಿ ಆಡುವಂತೆ ತೂಗುಹಾಕಿ. ಕೆಸರನ್ನು ಬರಿ ನೀರಿನಿಂದ ತೊಳೆಯಿರಿ, ತಿಕ್ಕುವ ಬ್ರಷ್ಷು ಬೇಡ. ಅಡಿಕೆಗೆ ಔಷಧಿ ಹೊಡೆಯಲು ಹಾಕಿದ ಕೋಟು ಬೇರೆ, ಹಾಲು ಒಯ್ಯುವ ಕೋಟು ಬೇರೆ ಇರಲಿ. ಹೊಲಿಗೆಯ ಪಟ್ಟಿ ಅಲ್ಲಲ್ಲಿ ಎದ್ದಿದ್ದರೆ ಅದನ್ನು ಅಂಟಿಸುವ ಕೊಳವೆ ಅಂಟು ಪೇಟೆಯಲ್ಲಿ ಸಿಗುತ್ತದೆ. ಒಣಗಿದ ಬಟ್ಟೆಗೆ ಮಾತ್ರ ಅದು ಹಿಡಿಯುವುದರಿಂದ, ಆ ಕೆಲಸವನ್ನು ಬಿಸಿಲಿರುವ ಮೇ ತಿಂಗಳಲ್ಲೇ ಮುಗಿಸಿ, ಒಂದು ರಾತ್ರಿ ಪೂರ್ತಿ ಆರಲು ಬಿಡಿ.