ತರಂಗಾಂತರದ ಹದ್ದುಬಸ್ತು

ಅಮೆರಿಕದ ಹಳ್ಳಿಗಾಡಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಮೈಲಿಗಟ್ಟಲೆ ಅಂತರವಿರುವುದುಂಟು. ಅಷ್ಟು ದೂರ ನೆಲ ಅಗೆದು ಫೈಬರ್ ಎಳೆಯುವುದು ದೊಡ್ಡ ಕಂಪನಿಗಳಿಗೆ ಗಿಟ್ಟುವುದಿಲ್ಲ. ಇಂಥ ಎಷ್ಟೋ ಊರುಗಳಿಗೆ ಇಂಟರ್ನೆಟ್ ತಲುಪಿಸುತ್ತಿರುವುದು ‘ವಿಸ್ಪ್’ ಎಂಬ ಹೆಸರಿನ ಸಣ್ಣ ವೈರ್‌ಲೆಸ್ ಸಂಸ್ಥೆಗಳು. ಊರಿನ ನೀರಿನ ಟ್ಯಾಂಕಿಗೋ ಧಾನ್ಯದ ಎತ್ತರದ ಕಣಜಕ್ಕೋ ಆ್ಯಂಟೆನಾ ಕಟ್ಟುತ್ತಾರೆ. ಅದರತ್ತ ಮುಖ ಮಾಡಿದ ಪುಟ್ಟ ರಿಸೀವರ್ ಒಂದನ್ನು ಗ್ರಾಹಕರ ಮನೆಯ ಚಾವಣಿಗೆ ಬಿಗಿಯುತ್ತಾರೆ. ಅಲ್ಲಿಗೆ ಸಂಪರ್ಕ ಸಿದ್ಧ.

ಈ ಸಂಸ್ಥೆಗಳು ಬಹುಕಾಲ ನೆಚ್ಚಿಕೊಂಡದ್ದು ಮನೆಯ ವೈಫೈ ಬಳಸುವ 2.4 ಮತ್ತು 5 ಗಿಗಾಹರ್ಟ್ಸ್ ತರಂಗಾಂತರಗಳನ್ನೇ. ಅವಕ್ಕೆ ಪರವಾನಗಿ ಬೇಡ, ಹಣ ಕಟ್ಟಬೇಕಿಲ್ಲ. ಆದರೆ ಅದು ಊರ ಗೋಮಾಳವಿದ್ದಂತೆ, ಯಾರು ಬೇಕಾದರೂ ಬಳಸಬಹುದು. ಬೇರೆಯವರ ಸಿಗ್ನಲ್ ಅಡ್ಡ ಬಂದರೆ ಸಹಿಸಿಕೊಳ್ಳಬೇಕು. ನಡುವೆ ಎಲೆ ತುಂಬಿದ ಮರಗಳಿದ್ದರೆ ವೇಗ ಕುಸಿಯುತ್ತದೆ. ಪರವಾನಗಿ ಪಡೆದ ತರಂಗಾಂತರ ಪಹಣಿ ಇರುವ ಜಮೀನಿನಂತೆ. ಅದರಲ್ಲಿ ಬೇರೆಯವರು ಅಡ್ಡಿ ಮಾಡುವಂತಿಲ್ಲ.

ಅಂಥ ಜಮೀನು ಸಣ್ಣವರಿಗೂ ಸಿಗುವ ಆಸೆ ಹುಟ್ಟಿದ್ದು 2015ರ ಏಪ್ರಿಲ್‌ನಲ್ಲಿ. ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿ 3550ರಿಂದ 3700 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ‘ಸಿಬಿಆರ್‌ಎಸ್’ ಹೆಸರಿನಲ್ಲಿ ತೆರೆಯಿತು. ಇಲ್ಲಿ ಮೂರು ಹಂತಗಳಿವೆ. ಮೊದಲ ಹಕ್ಕು ನೌಕಾಪಡೆಯ ರಾಡಾರ್‌ನಂಥ ಹಳೆಯ ಬಳಕೆದಾರರದು, ಎರಡನೆಯದು ಹರಾಜಿನಲ್ಲಿ ಪರವಾನಗಿ ಕೊಂಡವರದು, ಮೂರನೆಯದು ಸಾರ್ವಜನಿಕರದು. ಯಾವ ಜಾಗದಲ್ಲಿ ಯಾರು ಯಾವ ಚಾನೆಲ್ ಬಳಸಬೇಕೆಂದು ಕಂಪ್ಯೂಟರ್ ವ್ಯವಸ್ಥೆಯೊಂದು ಹಂಚಿಕೊಡುತ್ತದೆ. ಕರಾವಳಿಯ ಸೆನ್ಸರ್‌ಗಳು ಹಡಗಿನ ರಾಡಾರ್ ಗುರುತಿಸಿದರೆ, ಆ ಭಾಗದಲ್ಲಿ ಉಳಿದವರು ಚಾನೆಲ್ ತೆರವು ಮಾಡಬೇಕು.

ಪರವಾನಗಿಯ ಗಡಿ ಎಷ್ಟು ದೊಡ್ಡದಿರಬೇಕು ಎಂಬಲ್ಲಿ ಜಗಳ ಶುರುವಾಯಿತು. ಮೊದಲ ನಿಯಮದಂತೆ ಒಂದು ಪರವಾನಗಿ ಒಂದು ‘ಸೆನ್ಸಸ್ ಟ್ರ್ಯಾಕ್ಟ್’ಗೆ, ಅಂದರೆ ಸುಮಾರು 4,000 ಜನರಿರುವ ಪ್ರದೇಶಕ್ಕೆ, ಅವಧಿ 3 ವರ್ಷ. ದೇಶದಲ್ಲಿ ಅಂಥ 74,000ಕ್ಕೂ ಹೆಚ್ಚು ತುಂಡುಗಳಿದ್ದವು. ತನಗೆ ಬೇಕಾದ ನಾಲ್ಕೈದನ್ನು ಮಾತ್ರ ಕೊಳ್ಳುವುದು ಸಣ್ಣ ಸಂಸ್ಥೆಗೆ ಸಾಧ್ಯವಿತ್ತು. ಇಷ್ಟೊಂದು ತುಂಡುಗಳನ್ನು ನಿಭಾಯಿಸಲಾಗದು, 3 ವರ್ಷ ನಂಬಿ ಬಂಡವಾಳ ಹೂಡಲಾಗದು ಎಂಬುದು ದೊಡ್ಡ ಕಂಪನಿಗಳ ವಾದ. 2017ರಲ್ಲಿ ಟಿ-ಮೊಬೈಲ್ ಕಂಪನಿಯೂ ಉದ್ಯಮದ ಸಂಘ ಸಿಟಿಐಎಯೂ ನಿಯಮ ಬದಲಿಸಲು ಅರ್ಜಿ ಹಾಕಿದವು. 2018ರ ಅಕ್ಟೋಬರ್‌ನಲ್ಲಿ ಎಫ್‌ಸಿಸಿ ಗಡಿಯನ್ನು ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಘಟಕಕ್ಕೆ), ಅವಧಿಯನ್ನು ನವೀಕರಿಸಬಹುದಾದ 10 ವರ್ಷಕ್ಕೆ ಏರಿಸಿತು.

ಕೌಂಟಿಗಳು ಒಂದೇ ಅಳತೆಯವಲ್ಲ. 2020ರ ಜನಗಣತಿಯಂತೆ ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿದ್ದವರು 64 ಜನ. ಲಾಸ್ ಏಂಜಲೀಸ್ ಕೌಂಟಿಯಲ್ಲಿ 1 ಕೋಟಿ. ಲಾಸ್ ಏಂಜಲೀಸ್‌ನ ಉತ್ತರದಂಚಿನ ಮರುಭೂಮಿಯ ಊರುಗಳಿಗಷ್ಟೇ ಸೇವೆ ಕೊಡುವವರೂ ಇಡೀ ಮಹಾನಗರದ ಬೆಲೆಗೆ ಕೂಗಬೇಕಾಯಿತು.

ಹರಾಜು 2020ರ ಜುಲೈ 23ರಂದು ಆರಂಭವಾಗಿ ಆಗಸ್ಟ್ 25ಕ್ಕೆ ಮುಗಿಯಿತು. ಕೌಂಟಿಗೆ 7ರಂತೆ 22,631 ಪರವಾನಗಿಗಳಿದ್ದವು, 20,625 ಮಾರಾಟವಾದವು. ಒಟ್ಟು ಬಿಡ್ ಮೊತ್ತ ಸುಮಾರು 458 ಕೋಟಿ ಡಾಲರ್. ವೆರೈಜನ್ ಕಂಪನಿಯೊಂದೇ, ಹೆಚ್ಚಾಗಿ ದೊಡ್ಡ ನಗರಗಳ, 557 ಪರವಾನಗಿಗಳಿಗೆ ಸುಮಾರು 189 ಕೋಟಿ ಸುರಿಯಿತು. ಡಿಶ್ ಕಂಪನಿ ಸುಮಾರು 91 ಕೋಟಿಗೆ 5,492 ಪರವಾನಗಿ ಪಡೆಯಿತು. ನಗರದ ತರಂಗಾಂತರ ಎಷ್ಟು ದುಬಾರಿಯೆಂಬುದು ಈ ಎರಡು ಲೆಕ್ಕಗಳಲ್ಲೇ ಕಾಣುತ್ತದೆ.

ಸಣ್ಣವರು ಬರಿಗೈಯಲ್ಲಿ ಹೋಗಲಿಲ್ಲ. ಸಣ್ಣ ಉದ್ಯಮಗಳಿಗೆ ಶೇ 25ರವರೆಗೆ, ಗ್ರಾಮೀಣ ಸಂಸ್ಥೆಗಳಿಗೆ ಶೇ 15ರಷ್ಟು ರಿಯಾಯಿತಿಯಿತ್ತು. ಗೆದ್ದ 228 ಬಿಡ್‌ದಾರರಲ್ಲಿ ಹಳ್ಳಿಯ ವಿಸ್ಪ್‌ಗಳೂ ಇದ್ದವು, ಟ್ರ್ಯಾಕ್ಟರ್ ತಯಾರಿಸುವ ಜಾನ್ ಡೀರ್ ಕೂಡ ಇತ್ತು. ಸೋತವರಿಗೂ ಒಂದು ದಾರಿ ಉಳಿದಿದೆ. 150 ಮೆಗಾಹರ್ಟ್ಸ್‌ನಲ್ಲಿ ಹರಾಜಿಗೆ ಹೋದದ್ದು 70 ಮಾತ್ರ; ಉಳಿದದ್ದನ್ನು ಹಣ ಕಟ್ಟದೆ ಹಂಚಿಕೊಂಡು ಬಳಸಬಹುದು. ಪರವಾನಗಿ ಪಡೆದವರು ಬಳಸದೆ ಬಿಟ್ಟ ಚಾನೆಲ್ ಕೂಡ, ಅವರು ಬಳಸತೊಡಗುವವರೆಗೆ, ಸಾರ್ವಜನಿಕರಿಗೆ ಸಿಗುತ್ತದೆ. ಬೀಳುಬಿಟ್ಟ ಹೊಲವನ್ನು ದುಡಿಯುವವನಿಗೆ ಕೊಡುವ ಈ ನಿಯಮ ಇಡೀ ವ್ಯವಸ್ಥೆಯ ಅತ್ಯಂತ ನ್ಯಾಯವಾದ ಭಾಗ.

ಭಾರತದ ತರಂಗಾಂತರ ಹರಾಜಿನಲ್ಲಿ ಗಡಿ ಇನ್ನೂ ದೊಡ್ಡದು: ದೇಶಕ್ಕೆ 22 ವಲಯಗಳು. ಇಡೀ ಕರ್ನಾಟಕ ಒಂದೇ ವಲಯ. ತನ್ನ ತಾಲ್ಲೂಕಿಗೆ ಸೇವೆ ಕೊಡಬಯಸುವ ಕೇಬಲ್ ಆಪರೇಟರ್ ಇಲ್ಲಿ ಕೂಗುವ ಮಾತೇ ಇಲ್ಲ. ಯಾರು ಗೆಲ್ಲುತ್ತಾರೆ ಎಂಬುದಕ್ಕೆ ಹರಾಜಿನ ದಿನಕ್ಕಿಂತ ಹದ್ದುಬಸ್ತಿನ ದಿನವೇ ಮುಖ್ಯ.