ಹಳೆಯ ವಾಣಿಜ್ಯ ಸಂಕೀರ್ಣಗಳ ಪುನರಭಿವೃದ್ಧಿ: ಮಳಿಗೆದಾರರು ಹಾಗೂ ಸಾರ್ವಜನಿಕರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ಬೆಂಗಳೂರು ನಗರವು ಕಳೆದ ಐದು ದಶಕಗಳಲ್ಲಿ ಅಡ್ಡಲಾಗಿ ಬೆಳೆದಷ್ಟೇ ಎತ್ತರಕ್ಕೂ ಬೆಳೆದಿದೆ. ಮಹಾತ್ಮ ಗಾಂಧಿ ರಸ್ತೆಯಲ್ಲಿ 1973ರಲ್ಲಿ ನಿರ್ಮಾಣಗೊಂಡ 25 ಅಂತಸ್ತುಗಳ ಸಾರ್ವಜನಿಕ ಉಪಯುಕ್ತತಾ ಕಟ್ಟಡವು ಬಹುಕಾಲ ನಗರದ ಹೆಗ್ಗುರುತಾಗಿತ್ತು. ಇಂದು ಅಂತಹ ಎತ್ತರದ ಕಟ್ಟಡಗಳು ನಗರದ ಎಲ್ಲ ದಿಕ್ಕುಗಳಲ್ಲಿಯೂ ಕಂಡುಬರುತ್ತವೆ. ಇವುಗಳ ನಡುವೆ ಬಡಾವಣೆಗಳ ರಚನೆಯ ಕಾಲದಲ್ಲಿ ನಿರ್ಮಿಸಲಾದ ಎರಡು ಮೂರು ಅಂತಸ್ತಿನ ವಾಣಿಜ್ಯ ಸಂಕೀರ್ಣಗಳೂ, 2004ರಲ್ಲಿ ಕೋರಮಂಗಲದಲ್ಲಿ ಆರಂಭವಾದ ಫೋರಂ ಮಾಲ್‌ನಿಂದ ಮೊದಲ್ಗೊಂಡು ನಗರಕ್ಕೆ ಬಂದ ಮಾಲ್‌ಗಳ ಮೊದಲ ತಲೆಮಾರೂ ಹಳೆಯದಾಗುತ್ತಿವೆ.

ಇಂತಹ ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟುವ ಅಥವಾ ಗಣನೀಯವಾಗಿ ಮಾರ್ಪಡಿಸುವ ಕಾರ್ಯವನ್ನು ಪುನರಭಿವೃದ್ಧಿ ಎನ್ನಲಾಗುತ್ತದೆ. ಇದರಿಂದ ನೇರವಾಗಿ ಬಾಧಿತರಾಗುವವರು ಸಣ್ಣ ಮಳಿಗೆದಾರರು. ಹತ್ತು ಚದರ ಮೀಟರಿನ ಒಂದು ಮಳಿಗೆಯಿಂದಲೇ ಜೀವನ ನಡೆಸುವ ಕುಟುಂಬಕ್ಕೆ, ಕಟ್ಟಡವು ನೆಲಸಮವಾದ ನಂತರ ಉಳಿಯುವುದು ಅವರ ಬಳಿಯಿರುವ ದಾಖಲೆಗಳು ಮಾತ್ರ. ಆದ್ದರಿಂದ ಯಾವ ದಾಖಲೆಯನ್ನು ಯಾವ ಹಂತದಲ್ಲಿ ಪಡೆಯಬೇಕು, ಯಾವ ಹಕ್ಕು ಯಾರಿಗೆ ಇದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಪುನರಭಿವೃದ್ಧಿಯ ಪ್ರಸ್ತಾವ ಏಕೆ ಬರುತ್ತದೆ

ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿರುತ್ತವೆ.

(ಅ) ಕಟ್ಟಡದ ಸ್ಥಿತಿ: ಮಳೆನೀರು ಹಾಗೂ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನೊಳಗೆ ಇಳಿದಂತೆ ಅದರ ಕ್ಷಾರಗುಣ ಕುಂದಿ, ಒಳಗಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿಯುತ್ತವೆ. ತುಕ್ಕು ಹಿಡಿದ ಸರಳು ಉಬ್ಬುವುದರಿಂದ ಕಾಂಕ್ರೀಟು ಬಿರುಕುಬಿಟ್ಟು ಉದುರುತ್ತದೆ. ತಾರಸಿಯ ಸೋರಿಕೆ ಮತ್ತು ಶೌಚಾಲಯದ ಕೊಳವೆಗಳ ಸೋರಿಕೆ ಈ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ.

(ಆ) ಸುರಕ್ಷತೆ: ಹಳೆಯ ಸಂಕೀರ್ಣಗಳ ವಿದ್ಯುತ್ ತಂತಿಗಳು ಹಿಂದಿನ ಕಾಲದ ಬಳಕೆಗೆ ಅಳವಡಿಸಿದವು. ಹವಾನಿಯಂತ್ರಣ, ಶೀತಲ ಪೆಟ್ಟಿಗೆ ಮುಂತಾದವುಗಳ ಭಾರ ಅವುಗಳ ಮೇಲೆ ಬಿದ್ದಿದೆ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಬಹುಮಹಡಿ ವಾಣಿಜ್ಯ ಕಟ್ಟಡವೊಂದರಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಅಗ್ನಿ ಅನಾಹುತದಲ್ಲಿ 9 ಜನರು ಮೃತಪಟ್ಟರು. 1927ರಲ್ಲಿ ನಿರ್ಮಾಣಗೊಂಡ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಅನೇಕ ಮಳಿಗೆಗಳು ಸುಟ್ಟುಹೋದವು.

(ಇ) ನಿವೇಶನದ ಬೆಲೆ: ರಸ್ತೆ ಅಗಲವಾದಾಗ, ಸಮೀಪದಲ್ಲಿ ಮೆಟ್ರೋ ನಿಲ್ದಾಣ ಬಂದಾಗ, ಅದೇ ನಿವೇಶನದಲ್ಲಿ ಹೆಚ್ಚು ಕಟ್ಟಲು ಅವಕಾಶ ದೊರೆತು ನೆಲದ ಬೆಲೆಯು ಕಟ್ಟಡದ ಬೆಲೆಯನ್ನು ಮೀರುತ್ತದೆ. ಬಹಳಷ್ಟು ಪ್ರಸ್ತಾವಗಳಲ್ಲಿ ಮೊದಲೆರಡು ಕಾರಣಗಳನ್ನು ಮುಂದಿಡಲಾಗುವುದಾದರೂ ಯೋಜನೆಗೆ ಹಣ ಒದಗಿಸುವುದು ಈ ಮೂರನೆಯ ಕಾರಣವೇ ಆಗಿರುತ್ತದೆ.

2. ನೆಲ ವಿಸ್ತೀರ್ಣ ಅನುಪಾತ ಎಂದರೇನು

ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಡವನ್ನು ಎಲ್ಲ ಅಂತಸ್ತುಗಳೂ ಸೇರಿ ಕಟ್ಟಬಹುದು ಎಂಬುದೇ ನೆಲ ವಿಸ್ತೀರ್ಣ ಅನುಪಾತ, ಅಂದರೆ ಎಫ್.ಎ.ಆರ್. ಬೆಂಗಳೂರಿನಲ್ಲಿ 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾ ಯೋಜನೆ 2015ರ ವಲಯ ನಿಯಮಾವಳಿಗಳು ಇದನ್ನು ಭೂ ಉಪಯೋಗ, ನಿವೇಶನದ ಅಳತೆ ಹಾಗೂ ಮುಂಭಾಗದ ರಸ್ತೆಯ ಅಗಲಕ್ಕೆ ಅನುಗುಣವಾಗಿ ನಿಗದಿಪಡಿಸಿವೆ.

ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. 4,000 ಚದರ ಮೀಟರ್ ನಿವೇಶನದಲ್ಲಿ 5,000 ಚದರ ಮೀಟರಿನ ಹಳೆಯ ಸಂಕೀರ್ಣವಿದೆ ಎಂದು ಭಾವಿಸೋಣ. ಅಲ್ಲಿ ಅನುಪಾತವು 3 ಆಗಿದ್ದಲ್ಲಿ 12,000 ಚದರ ಮೀಟರ್ ಕಟ್ಟಬಹುದು. ಹಳೆಯ ಮಳಿಗೆದಾರರಿಗೆ ಅವರ 5,000 ಚದರ ಮೀಟರನ್ನು ಹಿಂದಿರುಗಿಸಿದ ನಂತರವೂ 7,000 ಚದರ ಮೀಟರ್ ಉಳಿಯುತ್ತದೆ. ನಿರ್ಮಾಣದ ವೆಚ್ಚ, ತಾತ್ಕಾಲಿಕ ವ್ಯವಸ್ಥೆಯ ವೆಚ್ಚ ಹಾಗೂ ನಿರ್ಮಾಪಕರ ಲಾಭ ಇವೆಲ್ಲವೂ ಈ 7,000 ಚದರ ಮೀಟರಿನಿಂದಲೇ ಬರತಕ್ಕದ್ದು. ಆದ್ದರಿಂದ ಮಳಿಗೆದಾರರು ಕೇಳಬೇಕಾದ ಮೊದಲನೆಯ ಪ್ರಶ್ನೆಯು ಬಾಡಿಗೆಯ ಕುರಿತಾದುದಲ್ಲ. ಹೆಚ್ಚುವರಿ ವಿಸ್ತೀರ್ಣ ಎಷ್ಟು, ಅದು ಯಾರ ಪಾಲಿಗೆ ಎಂಬುದಾಗಿರುತ್ತದೆ.

3. ದುರಸ್ತಿಯೋ, ಪುನರ್ನಿರ್ಮಾಣವೋ

ಕಟ್ಟಡ ಹಳೆಯದೆಂಬ ಕಾರಣ ಮಾತ್ರದಿಂದ ಅದನ್ನು ಕೆಡವಲೇಬೇಕೆಂದಿಲ್ಲ. ಅರ್ಹ ಸ್ಟ್ರಕ್ಚರಲ್ ಇಂಜಿನಿಯರ್‌ರಿಂದ ಪರೀಕ್ಷೆ ನಡೆಸಿ, ಕಾಂಕ್ರೀಟಿನ ಗಡಸುತನ, ಶ್ರವಣಾತೀತ ತರಂಗಗಳ ವೇಗ, ಸರಳುಗಳ ತುಕ್ಕಿನ ಪ್ರಮಾಣ ಹಾಗೂ ಕೊರೆದು ತೆಗೆದ ಕಾಂಕ್ರೀಟ್ ಮಾದರಿಯ ಬಲ ಇವುಗಳನ್ನು ವರದಿಯಲ್ಲಿ ದಾಖಲಿಸಬೇಕು. ಕಣ್ಣಳತೆಯಿಂದ ನೀಡಿದ "ಶಿಥಿಲಗೊಂಡಿದೆ" ಎಂಬ ಒಂದು ಸಾಲಿನ ಪತ್ರವು ಇಂತಹ ವರದಿಗೆ ಸಮನಲ್ಲ.

ಪಾರಂಪರಿಕ ಮೌಲ್ಯವುಳ್ಳ ಕಟ್ಟಡಗಳಲ್ಲಿ ಮಧ್ಯಮ ಮಾರ್ಗವೂ ಉಂಟು. ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ 1990ರ ದಶಕದಲ್ಲಿ ಹೊಸ ಕಟ್ಟಡವನ್ನು ನಿರ್ಮಿಸಿದಾಗ ಹಳೆಯ ಕಲ್ಲಿನ ಕಟ್ಟಡಗಳನ್ನು ಉಳಿಸಿಕೊಳ್ಳಲಾಯಿತು.

ಸಾರ್ವಜನಿಕ ಸಂಸ್ಥೆಗಳ ಸ್ವತ್ತುಗಳ ವಿಷಯದಲ್ಲಿ ನಿರ್ಧಾರವು ಮಳಿಗೆದಾರರಿಗೆ ಮಾತ್ರ ಸಂಬಂಧಿಸಿದುದಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಇಂದಿರಾನಗರ ಸಂಕೀರ್ಣವೂ ಸೇರಿದಂತೆ ಕೆಲವು ಸಂಕೀರ್ಣಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಪುನರಭಿವೃದ್ಧಿಗೊಳಿಸುವ ಪ್ರಸ್ತಾವ ಬಂದಾಗ, ಸಂಚಾರ ದಟ್ಟಣೆ ಹಾಗೂ ಸಾರ್ವಜನಿಕ ಸ್ವತ್ತಿನ ದೀರ್ಘಾವಧಿ ಗುತ್ತಿಗೆಯ ಕುರಿತು ಸುತ್ತಲಿನ ನಿವಾಸಿಗಳೂ ಆಕ್ಷೇಪಣೆ ವ್ಯಕ್ತಪಡಿಸಿದ್ದರು.

4. ಮಳಿಗೆದಾರರ ಹಕ್ಕು: ಮೂರು ವರ್ಗಗಳು

(ಅ) ಮಾಲೀಕರು: ಕ್ರಯಪತ್ರದ ಮೂಲಕ ಮಳಿಗೆಯನ್ನು ಖರೀದಿಸಿದವರಿಗೆ ಸಾಮಾನ್ಯವಾಗಿ ನಿವೇಶನದಲ್ಲಿ ಅವಿಭಾಜ್ಯ ಪಾಲು ಇರುತ್ತದೆ. ಕ್ರಯಪತ್ರದ ಷೆಡ್ಯೂಲಿನಲ್ಲಿ ಈ ಪಾಲನ್ನು ನಮೂದಿಸಿದೆಯೇ ಎಂಬುದನ್ನು ಮೊದಲು ಪರಿಶೀಲಿಸಿಕೊಳ್ಳಬೇಕು. ಈ ಪಾಲನ್ನು ಅವರ ಸಹಿಯಿಲ್ಲದೆ ಬೇರೆಯವರು ವರ್ಗಾಯಿಸಲು ಬರುವುದಿಲ್ಲ.

(ಆ) ಖಾಸಗಿ ಕಟ್ಟಡದ ಬಾಡಿಗೆದಾರರು: ಇವರ ಹಕ್ಕು ಗುತ್ತಿಗೆ ಕರಾರಿನ ಮೇಲೆ ನಿಲ್ಲುತ್ತದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ಪತ್ರವನ್ನು 1908ರ ನೋಂದಣಿ ಅಧಿನಿಯಮದಂತೆ ಕಡ್ಡಾಯವಾಗಿ ನೋಂದಾಯಿಸತಕ್ಕದ್ದು. ಕರ್ನಾಟಕ ಬಾಡಿಗೆ ಅಧಿನಿಯಮ, 1999 ಎಲ್ಲ ಮಳಿಗೆಗಳಿಗೂ ರಕ್ಷಣೆ ನೀಡುತ್ತದೆ ಎಂಬ ಭಾವನೆ ಸರಿಯಲ್ಲ. ವಾಣಿಜ್ಯ ಮಳಿಗೆಗಳ ಪೈಕಿ 14 ಚದರ ಮೀಟರ್ ಮೀರದ ಸಣ್ಣ ಮಳಿಗೆಗಳಿಗೆ ಮಾತ್ರ, ಅದರಲ್ಲಿಯೂ ಬಾಡಿಗೆಯ ಮಿತಿಗೆ ಒಳಪಟ್ಟು, ಅದು ಅನ್ವಯಿಸುತ್ತದೆ.

(ಇ) ಸರ್ಕಾರಿ ಅಥವಾ ಸ್ಥಳೀಯ ಸಂಸ್ಥೆಯ ಮಳಿಗೆಗಳ ಹಂಚಿಕೆದಾರರು: ಇವರಿಗೆ ಬಾಡಿಗೆ ಅಧಿನಿಯಮ ಅನ್ವಯಿಸುವುದಿಲ್ಲ. ಅವಧಿ ಮುಗಿದ ನಂತರವೂ ಮಳಿಗೆಯಲ್ಲಿ ಮುಂದುವರಿದವರನ್ನು ಕರ್ನಾಟಕ ಸಾರ್ವಜನಿಕ ಆವರಣಗಳ (ಅನಧಿಕೃತ ಅಧಿಭೋಗದಾರರ ಹೊರಹಾಕುವಿಕೆ) ಅಧಿನಿಯಮ, 1974ರಡಿ ತೆರವುಗೊಳಿಸಬಹುದು. ಆದರೆ ಅದಕ್ಕೆ ಮುನ್ನ ಕಾರಣ ಕೇಳುವ ನೋಟೀಸು ನೀಡಿ ಅಹವಾಲು ಆಲಿಸತಕ್ಕದ್ದು. ಆದೇಶದ ವಿರುದ್ಧ ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಈ ಮೂರನೆಯ ವರ್ಗದಲ್ಲಿ ಪದೇ ಪದೇ ಎದುರಾಗುವ ತೊಡಕೊಂದಿದೆ. ಮೂಲ ಹಂಚಿಕೆದಾರರು ನಿಧನರಾಗಿ, ಮಕ್ಕಳು ಅಂಗಡಿ ನಡೆಸುತ್ತಿರುತ್ತಾರೆ; ಬಾಡಿಗೆಯನ್ನೂ ತಪ್ಪದೆ ಪಾವತಿಸುತ್ತಿರುತ್ತಾರೆ. ಆದರೆ ರಸೀದಿ ಬರುವುದು ತಂದೆಯ ಹೆಸರಿನಲ್ಲಿಯೇ. ಪುನರಭಿವೃದ್ಧಿಗಾಗಿ ಮಳಿಗೆದಾರರ ಪಟ್ಟಿ ಸಿದ್ಧವಾಗುವಾಗ ಕಡತದಲ್ಲಿರುವ ಹೆಸರನ್ನೇ ಪರಿಗಣಿಸಲಾಗುವುದರಿಂದ ಇಂತಹವರು ಪಟ್ಟಿಯಿಂದ ಹೊರಗುಳಿಯುವ ಸಂಭವವಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಾಗೂ ಇತರ ವಾರಸುದಾರರ ಒಪ್ಪಿಗೆ ಪತ್ರಗಳೊಂದಿಗೆ ಹೆಸರು ಬದಲಾವಣೆಗೆ ಈಗಲೇ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಸರ್ವೆ ನಡೆದ ನಂತರ ಸಲ್ಲಿಸಿದ ಅರ್ಜಿಯು ಅನುಮಾನಕ್ಕೆ ಎಡೆಮಾಡುತ್ತದೆ.

5. ತೆರವಿಗೆ ಮುನ್ನ ಲಿಖಿತವಾಗಿ ಇತ್ಯರ್ಥವಾಗಬೇಕಾದ ಅಂಶಗಳು

"ಹೊಸ ಕಟ್ಟಡದಲ್ಲಿ ಮಳಿಗೆ ಕೊಡಲಾಗುವುದು" ಎಂಬ ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. ಕರಾರಿನಲ್ಲಿ ಈ ಕೆಳಕಂಡ ಅಂಶಗಳು ಇರತಕ್ಕದ್ದು:

(1) ವಿಸ್ತೀರ್ಣ: ಕಾರ್ಪೆಟ್ ವಿಸ್ತೀರ್ಣವೋ, ಸೂಪರ್ ಬಿಲ್ಟ್‌ಅಪ್ ವಿಸ್ತೀರ್ಣವೋ ಎಂಬುದು ಸ್ಪಷ್ಟವಿರಬೇಕು. ಹಳೆಯ ಮಳಿಗೆಯ ಒಳ ಅಳತೆ 10 ಚದರ ಮೀಟರ್ ಇದ್ದು, ಹೊಸದು 10 ಚದರ ಮೀಟರ್ ಸೂಪರ್ ಬಿಲ್ಟ್‌ಅಪ್ ಎಂದಾದಲ್ಲಿ, ಶೇಕಡ 40ರಷ್ಟು ಭಾಗ ಮೊಗಸಾಲೆ, ಮೆಟ್ಟಿಲು, ಲಿಫ್ಟ್‌ಗಳಿಗೆ ಹೋದರೆ ಕೈಗೆ ಸಿಗುವುದು 6 ಚದರ ಮೀಟರ್ ಮಾತ್ರ.

(2) ಸ್ಥಾನ: ಅಂತಸ್ತು ಮತ್ತು ಮುಖ. ರಸ್ತೆಗೆ ಮುಖ ಮಾಡಿದ ನೆಲ ಅಂತಸ್ತಿನ ಮಳಿಗೆಗೂ ಮೂರನೆಯ ಅಂತಸ್ತಿನ ಹಿಂಬದಿಯ ಮಳಿಗೆಗೂ ವ್ಯಾಪಾರದಲ್ಲಿ ಹೋಲಿಕೆಯಿಲ್ಲ. ನಕ್ಷೆಯಲ್ಲಿ ಮಳಿಗೆಯನ್ನು ಗುರುತಿಸಿ, ನಕ್ಷೆಯನ್ನು ಕರಾರಿಗೆ ಲಗತ್ತಿಸಬೇಕು.

(3) ಹೊಸ ಬಾಡಿಗೆ, ಅದರ ಏರಿಕೆಯ ಪ್ರಮಾಣ ಹಾಗೂ ನಿರ್ವಹಣಾ ಶುಲ್ಕ. ಲಿಫ್ಟ್, ಎಸ್ಕಲೇಟರ್, ಹವಾನಿಯಂತ್ರಣವುಳ್ಳ ಕಟ್ಟಡದಲ್ಲಿ ನಿರ್ವಹಣಾ ಶುಲ್ಕವು ಬಾಡಿಗೆಯಷ್ಟೇ ಮುಖ್ಯವಾದ ಹೊರೆಯಾಗುತ್ತದೆ.

(4) ನಿರ್ಮಾಣದ ಅವಧಿಯಲ್ಲಿ ತಾತ್ಕಾಲಿಕ ಮಳಿಗೆ ಅಥವಾ ಪರ್ಯಾಯ ಬಾಡಿಗೆ. ಅವಧಿ ಮೀರಿದಲ್ಲಿ ಅದು ಮುಂದುವರಿಯುವ ಬಗ್ಗೆ ಷರತ್ತು ಮತ್ತು ಬ್ಯಾಂಕ್ ಖಾತರಿ.

(5) ಹಳೆಯ ಠೇವಣಿಯ ಮರುಪಾವತಿ ಅಥವಾ ಹೊಂದಾಣಿಕೆ.

ತೆರವಿನ ದಿನದಂದು ಮಳಿಗೆಯ ಅಳತೆಯನ್ನು ಉಭಯ ಪಕ್ಷಗಳ ಸಮ್ಮುಖದಲ್ಲಿ ದಾಖಲಿಸಿ, ಮಹಜರಿಗೆ ಸಹಿ ಪಡೆದು, ಛಾಯಾಚಿತ್ರ ತೆಗೆದಿರಿಸಿಕೊಳ್ಳುವುದು. ಕಟ್ಟಡವು ಇಲ್ಲವಾದ ಮೇಲೆ ಅಳತೆಯನ್ನು ರುಜುವಾತುಪಡಿಸಲು ಬೇರೆ ದಾರಿ ಇರುವುದಿಲ್ಲ.

6. ಯೋಜನೆಗೆ ಅಗತ್ಯವಾದ ಅನುಮತಿಗಳು

ನಕ್ಷೆ ಮಂಜೂರಾತಿಯನ್ನು ಸ್ಥಳೀಯ ಸಂಸ್ಥೆ ಅಥವಾ ಯೋಜನಾ ಪ್ರಾಧಿಕಾರ ನೀಡುತ್ತದೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾಗಿರುವುದರಿಂದ, ಹಳೆಯ ಕಡತವು ಈಗ ಯಾವ ಪಾಲಿಕೆಯ ವ್ಯಾಪ್ತಿಯಲ್ಲಿದೆ ಎಂಬುದನ್ನು ಅರ್ಜಿದಾರರು ಮೊದಲು ಖಚಿತಪಡಿಸಿಕೊಳ್ಳಬೇಕು.

ಎಲ್ಲ ಅಂತಸ್ತುಗಳು ಹಾಗೂ ನೆಲಮಾಳಿಗೆ ಸೇರಿ ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಹೆಚ್ಚಾಗಿದ್ದಲ್ಲಿ 2006ರ ಪರಿಸರ ಪರಿಣಾಮ ನಿರ್ಧರಣೆ ಅಧಿಸೂಚನೆಯಂತೆ ಪೂರ್ವಾನುಮತಿ ಅಗತ್ಯ. ಮೇಲಿನ ಉದಾಹರಣೆಯ 12,000 ಚದರ ಮೀಟರ್ ಕಟ್ಟಡಕ್ಕೆ ಎರಡು ಮೂರು ಅಂತಸ್ತಿನ ನೆಲಮಾಳಿಗೆ ವಾಹನ ನಿಲ್ದಾಣ ಸೇರಿದಾಗ ಈ ಮಿತಿಯನ್ನು ತಲುಪಬಹುದು. ಎತ್ತರದ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೂ, ವಿಮಾನ ಸಂಚಾರ ವಲಯದಲ್ಲಿ 2015ರ ಎತ್ತರ ನಿರ್ಬಂಧ ನಿಯಮಗಳ ಪ್ರಕಾರ ಅನುಮತಿಯೂ ಬೇಕು. ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ 2008ರಲ್ಲಿ ನಾಗರಿಕ ವಿಮಾನ ಸಂಚಾರವು ದೇವನಹಳ್ಳಿಗೆ ಸ್ಥಳಾಂತರಗೊಂಡಿದ್ದರೂ ಅದರ ಸುತ್ತಲಿನ ಎತ್ತರ ನಿರ್ಬಂಧ ಹೋಗಿಲ್ಲ. ವಿಕಲಚೇತನರಿಗೆ ಸುಗಮ ಪ್ರವೇಶದ ಸೌಲಭ್ಯವಿಲ್ಲದ ನಕ್ಷೆಗೆ 2016ರ ಅಧಿನಿಯಮದಂತೆ ಅನುಮತಿ ನೀಡತಕ್ಕದ್ದಲ್ಲ.

ಹೊಸ ಮಳಿಗೆಗಳನ್ನು ಮಾರಾಟ ಮಾಡುವ ಯೋಜನೆಯಾಗಿದ್ದು, ನಿವೇಶನವು 500 ಚದರ ಮೀಟರಿಗೂ, ಘಟಕಗಳು 8ಕ್ಕೂ ಮೀರಿದ್ದಲ್ಲಿ, ರಿಯಲ್ ಎಸ್ಟೇಟ್ ಅಧಿನಿಯಮ, 2016ರಡಿ ರೇರಾ ಪ್ರಾಧಿಕಾರದಲ್ಲಿ ನೋಂದಣಿ ಕಡ್ಡಾಯ. ಖರೀದಿದಾರರಿಂದ ಬಂದ ಹಣದ ಶೇಕಡ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇರಿಸತಕ್ಕದ್ದು. ನೋಂದಾಯಿತ ಮಾರಾಟ ಕರಾರು ಇಲ್ಲದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಆದರೆ ಮಾರಾಟವಾಗಲೀ, ಜಾಹೀರಾತಾಗಲೀ, ಹೊಸ ಹಂಚಿಕೆಯಾಗಲೀ ಇಲ್ಲದ ಪುನರಭಿವೃದ್ಧಿಗೆ ಈ ನೋಂದಣಿಯಿಂದ ವಿನಾಯಿತಿ ಇದೆ. ಅಂತಹ ಯೋಜನೆಯಲ್ಲಿ ಮಳಿಗೆದಾರರಿಗೆ ಮುಖ್ಯ ಆಸರೆ ಅವರ ಕರಾರೇ ಆಗಿರುತ್ತದೆ.

7. ವ್ಯಾಪಾರ ಸ್ಥಳಾಂತರಿಸುವಾಗ

ಸ್ಥಳ ಬದಲಾದಾಗ ಪರವಾನಗಿಗಳೂ ಬದಲಾಗಬೇಕು. ಜಿ.ಎಸ್.ಟಿ. ನೋಂದಣಿಯಲ್ಲಿ ವ್ಯಾಪಾರ ಸ್ಥಳದ ಬದಲಾವಣೆಗೆ 15 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಉದ್ದಿಮೆ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿ ಹಾಗೂ ಆಹಾರ ಪದಾರ್ಥಗಳ ವ್ಯಾಪಾರಿಗಳಾದಲ್ಲಿ ಆಹಾರ ಸುರಕ್ಷತಾ ಪರವಾನಗಿಗಳೂ ಸ್ಥಳಕ್ಕೆ ಸಂಬಂಧಿಸಿದವುಗಳಾಗಿರುತ್ತವೆ. ವಿದ್ಯುತ್ ಸಂಪರ್ಕವನ್ನು ಲಿಖಿತ ಅರ್ಜಿಯ ಮೂಲಕ ಕಡಿತಗೊಳಿಸಿ ಠೇವಣಿಯನ್ನು ಹಿಂಪಡೆಯಬೇಕು. ಇಲ್ಲವಾದಲ್ಲಿ ಕಟ್ಟಡವಿಲ್ಲದಿದ್ದರೂ ಬಾಕಿ ಬೆಳೆಯುತ್ತದೆ.

ಸಂಕೀರ್ಣದ ಹೊರಭಾಗದಲ್ಲಿ ವ್ಯಾಪಾರ ಮಾಡುವ ಬೀದಿಬದಿ ವ್ಯಾಪಾರಿಗಳಿಗೆ 2014ರ ಅಧಿನಿಯಮ ಅನ್ವಯಿಸುತ್ತದೆ. 30 ದಿನಗಳ ನೋಟೀಸು ನೀಡದೆ ಅವರನ್ನು ತೆರವುಗೊಳಿಸುವಂತಿಲ್ಲ.

8. ನೆರೆಹೊರೆಯ ನಿವಾಸಿಗಳಿಗೆ

ಕಟ್ಟಡ ತ್ಯಾಜ್ಯವನ್ನು ಕಾಂಕ್ರೀಟು, ಮಣ್ಣು, ಇಟ್ಟಿಗೆ ಹಾಗೂ ಗಾರೆ, ಮತ್ತು ಕಬ್ಬಿಣ, ಮರ, ಪ್ಲಾಸ್ಟಿಕ್ ಎಂದು ವಿಂಗಡಿಸುವುದನ್ನು 2016ರ ನಿಯಮಗಳು ದೊಡ್ಡ ಪ್ರಮಾಣದ ಉತ್ಪಾದಕರಿಗೆ ಕಡ್ಡಾಯಗೊಳಿಸಿದವು. ಇವುಗಳ ಬದಲಿಗೆ 2025ರ ನಿಯಮಗಳನ್ನು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಅಧಿಸೂಚಿಸಲಾಗಿದೆ. ತ್ಯಾಜ್ಯವನ್ನು ಕೆರೆ, ರಾಜಕಾಲುವೆ ಅಥವಾ ರಸ್ತೆಬದಿಯಲ್ಲಿ ಸುರಿಯುವುದು ಕಂಡುಬಂದಲ್ಲಿ ಸ್ಥಳೀಯ ಸಂಸ್ಥೆಗೆ ದೂರು ಸಲ್ಲಿಸಬಹುದು. ಆಳವಾದ ನೆಲಮಾಳಿಗೆ ಅಗೆಯುವ ಮೊದಲು, ಪಕ್ಕದ ಮನೆಗಳವರು ತಮ್ಮ ಗೋಡೆಗಳ ಸ್ಥಿತಿಯನ್ನು ದಿನಾಂಕ ಸಹಿತ ಛಾಯಾಚಿತ್ರಗಳಲ್ಲಿ ದಾಖಲಿಸಿಟ್ಟುಕೊಳ್ಳುವುದು ಒಳಿತು.

9. ಮಾಹಿತಿ ಪಡೆಯುವ ವಿಧಾನ

ಸಾರ್ವಜನಿಕ ಸ್ವತ್ತಿನ ಪುನರಭಿವೃದ್ಧಿಗೆ ಸಂಬಂಧಿಸಿದ ಕಟ್ಟಡ ಪರೀಕ್ಷಾ ವರದಿ, ಟೆಂಡರ್ ದಾಖಲೆ ಹಾಗೂ ಮಳಿಗೆದಾರರ ಪಟ್ಟಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕೋರಬಹುದು. 30 ದಿನಗಳೊಳಗೆ ಉತ್ತರ ನೀಡತಕ್ಕದ್ದು. ರಾಜ್ಯದ ನಿಯಮಗಳಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿದ್ದು, 150 ಪದಗಳಿಗೆ ಮೀರದಂತೆ ಇರಬೇಕು. ಸಕಾಲ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದುಕೊಳ್ಳುವುದು.

ಪುನರಭಿವೃದ್ಧಿಯು ಹಲವು ವರ್ಷಗಳ ಕಾರ್ಯ. ಈ ಅವಧಿಯಲ್ಲಿ ಅಧಿಕಾರಿಗಳು ವರ್ಗಾವಣೆಗೊಳ್ಳಬಹುದು, ಗುತ್ತಿಗೆದಾರರು ಬದಲಾಗಬಹುದು. ಮಳಿಗೆಯ ಬೀಗದ ಕೈ ಹಸ್ತಾಂತರಿಸುವ ಮುನ್ನ ಹಂಚಿಕೆ ಪತ್ರ, ಬಾಡಿಗೆ ರಸೀದಿಗಳು, ಅಳತೆಯ ಮಹಜರು ಹಾಗೂ ಸಹಿಯಾದ ಕರಾರು ಇವುಗಳ ಪ್ರತಿಗಳು ಮನೆಯಲ್ಲಿ ಭದ್ರವಾಗಿವೆಯೇ ಎಂಬುದನ್ನು ಪ್ರತಿಯೊಬ್ಬ ಮಳಿಗೆದಾರರೂ ಖಚಿತಪಡಿಸಿಕೊಳ್ಳತಕ್ಕದ್ದು. ಮೇಲಿನ ವಿವರಣೆಯು ಸಾಮಾನ್ಯ ಮಾಹಿತಿಗಾಗಿ ಮಾತ್ರ ಆಗಿದ್ದು, ನಿರ್ದಿಷ್ಟ ಪ್ರಕರಣಗಳಲ್ಲಿ ಸಂಬಂಧಪಟ್ಟ ಅಧಿನಿಯಮ ಹಾಗೂ ನಿಯಮಗಳೇ ಅಂತಿಮವಾಗಿರುತ್ತವೆ.