ಕೂಲಿ ಲೆಕ್ಕಕ್ಕೆ ಯಾವ ಆಪ್ ಸಾಕು?

ಅಡಿಕೆ ಕೊಯ್ಲು ಶುರುವಾದ್ರೆ ದಿನಕ್ಕೆ ಎಂಟು ಹತ್ತು ಜನ ಕೆಲಸಕ್ಕೆ ಬರ್ತಾರೆ. ಯಾರು ಎಷ್ಟು ದಿನ ಬಂದ್ರು, ಮುಂಗಡ ಎಷ್ಟು ತಗೊಂಡ್ರು ಅನ್ನೋದೇ ಬಟವಾಡೆ ದಿನದ ಜಗಳ. ಇದಕ್ಕೆ ದುಡ್ಡು ಕೊಟ್ಟು ದೊಡ್ಡ ಸಾಫ್ಟ್‌ವೇರ್ ತರಬೇಕಿಲ್ಲ. ಗೂಗಲ್ ಶೀಟ್ಸ್ ಸಾಕು, ಅದು ಉಚಿತ. ಫೈಲಿಗೆ ಆಫ್‌ಲೈನ್ ಆಯ್ಕೆ ಆನ್ ಮಾಡಿಟ್ಟರೆ ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ತುಂಬಬಹುದು.

ಒಂದು ಸಾಲು ಅಂದ್ರೆ ಒಬ್ಬರ ಒಂದು ದಿನ. ಕಾಲಂ ಐದೇ: ತಾರೀಖು, ಹೆಸರು, ಕೆಲಸ, ದಿನ, ಮುಂಗಡ. ಅರ್ಧ ದಿನಕ್ಕೆ ‘ಅರ್ಧ’ ಅಂತ ಬರೀಬೇಡಿ, 0.5 ಹಾಕಿ, ಅಕ್ಷರಗಳನ್ನು ಕೂಡೋಕೆ ಆಗಲ್ಲ. ಒಂದು ಕಡೆ ‘ಮಂಜ’, ಇನ್ನೊಂದು ಕಡೆ ‘ಮಂಜು’ ಅಂತಿದ್ರೆ ಶೀಟಿಗೆ ಅವರು ಇಬ್ಬರು. ಹೆಸರಿಗೆ ಡ್ರಾಪ್‌ಡೌನ್ ಪಟ್ಟಿ ಮಾಡಿಕೊಳ್ಳಿ.

ವಾರದ ಕೊನೆಗೆ ಹೆಸರಿನ ಮೇಲೆ ಫಿಲ್ಟರ್ ಹಾಕಿ, ದಿನ ಮತ್ತು ಮುಂಗಡ ಕೂಡಿ. ಉದಾಹರಣೆಗೆ 4.5 ದಿನ, ದಿನಗೂಲಿ 600 ಆದ್ರೆ 2,700. ಮುಂಗಡ 1,000 ಕಳೆದು ಕೊಡಬೇಕಾದ್ದು 1,700 ರೂಪಾಯಿ. ಹೆಸರಿನ ಕಾಲಂ ಒಂದನ್ನೇ ಆಯ್ದು ಸಾರ್ಟ್ ಮಾಡಬೇಡಿ, ಒಬ್ಬರ ದುಡಿಮೆ ಇನ್ನೊಬ್ಬರ ಹೆಸರಿಗೆ ಹೋಗುತ್ತೆ.

ಸಂಜೆ ಕೆಲಸ ಬಿಡುವಾಗ ಅವತ್ತಿನ ಸಾಲನ್ನು ಅವರಿಗೂ ಓದಿ ಹೇಳಿ. ತಪ್ಪಿದ್ರೆ ಅಲ್ಲೇ ಸರಿಯಾಗುತ್ತೆ.